ಸೆಲ್ವಿ ಅಕ್ಕನ ಮಂಚ

ನನ್ನ ತಂಗಿ ಪಬಿತ್ರಾ ನಮ್ಮ ಮನೆಗೆ ಬರುವುದು ಹದಿನಾಲ್ಕು ತಿಂಗಳು ತಡವಾಯಿತು. ಅದಕ್ಕೆ ಕಾರಣ ನಾನು. ಆ ತಡಕ್ಕೆ ಬೈಸಿಕೊಂಡವಳು ಪಕ್ಕದ ಕೋಣೆಯ ಸೆಲ್ವಿ ಅಕ್ಕ. ಅವ್ವ ಬೈಯುವಾಗ ನಾನು ಅಲ್ಲೇ ನಲ್ಲಿಯ ಹತ್ತಿರ ಕೊಡ ಹಿಡಿದುಕೊಂಡು ನಿಂತಿದ್ದೆ. ‘ಅವಳಲ್ಲ, ನಾನು’ ಎಂದು ಹೇಳಲಿಲ್ಲ. ಅವತ್ತು ಹೇಳಲಿಲ್ಲ, ಮರುದಿನ ಹೇಳಲಿಲ್ಲ, ಆಮೇಲೆ ವರ್ಷಗಟ್ಟಲೆ ಹೇಳಲಿಲ್ಲ. ಹನ್ನೊಂದು ವರ್ಷದ ಹುಡುಗಿ, ಹೆದರಿರುತ್ತಾಳೆ ಬಿಡು ಎಂದು ಯಾರಾದರೂ ಸಮಾಧಾನ ಹೇಳಬಹುದು. ಆದರೆ ಹನ್ನೊಂದಕ್ಕೇ ನಾನು ನಿಲ್ಲಲಿಲ್ಲವಲ್ಲ. ಹದಿನೈದಾಯಿತು, ಇಪ್ಪತ್ತಾಯಿತು, ಮದುವೆಯಾಯಿತು, ಎರಡು ಮಕ್ಕಳ ತಾಯಿಯಾದೆ. ಆಗೆಲ್ಲ ನನಗೆ ಯಾರ ಹೆದರಿಕೆ ಇತ್ತು? ನನ್ನ ಮಕ್ಕಳು ಸಣ್ಣದೊಂದು ಸುಳ್ಳು ಹೇಳಿದರೂ ಕಿವಿ ಹಿಂಡುತ್ತಿದ್ದೆ. ಹಿಂಡಿದ ಮೇಲೆ ನನ್ನ ಮೇಲೆಯೇ ಸಿಟ್ಟು ಬಂದು, ಒಲೆಯ ಮೇಲಿನ ಪಾತ್ರೆಗಳನ್ನು ದಡಬಡ ಎಂದು ಕುಕ್ಕುತ್ತಿದ್ದೆ. ಆ ಸಿಟ್ಟು ಎಲ್ಲಿಂದ ಶುರುವಾಯಿತು ಎಂದು ಈಗ ಬರೆಯುತ್ತೇನೆ. ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಆಗ ನಾವಿದ್ದದ್ದು ಬೈಯಪ್ಪನಹಳ್ಳಿಯಲ್ಲಿ, ರೈಲು ಹಳಿಯ ಹಿಂದಿನ ಒಂದು ವಠಾರದಲ್ಲಿ. ಆಚೆ ನಾಲ್ಕು ಈಚೆ ನಾಲ್ಕು ಕೋಣೆಗಳು. ನಡುವೆ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿ ದಾರಿ ಬಿಡಬೇಕಾದಂಥ ಓಣಿ, ತುದಿಯಲ್ಲಿ ಎಂಟೂ ಮನೆಗೆ ಒಂದೇ ನಲ್ಲಿ. ಅಪ್ಪ ಅವ್ವ ಯಾದಗಿರಿ ಕಡೆಯವರು. ಅಪ್ಪನದು ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ. ಅವ್ವ ಇಂದಿರಾನಗರದ ನಾಲ್ಕು ಮನೆಗಳಲ್ಲಿ ಕಸ ಮುಸುರೆ ಮಾಡುತ್ತಿದ್ದಳು. ನಮ್ಮ ಕೋಣೆಯಲ್ಲಿ ಒಂದು ಕಬ್ಬಿಣದ ಟ್ರಂಕು, ಒಂದು ಸ್ಟೌವು, ಜೋಳದ ಹಿಟ್ಟಿನ ಡಬ್ಬಿ, ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗದ ಮೇಲೆ ಎಲ್ಲರ ಬಟ್ಟೆ. ಶೀಟಿನ ಛಾವಣಿ ಹಗಲೆಲ್ಲ ಕಾದು, ಅವ್ವ ರೊಟ್ಟಿ ಬಡಿಯುವ ಹೊತ್ತಿಗೆ ನಾವೇ ಹಂಚಿನ ಮೇಲೆ ಕೂತ ಹಾಗಾಗುತ್ತಿತ್ತು. ಊಟಕ್ಕೆ ಕೂತರೆ ಒಬ್ಬರ ಮೊಣಕಾಲು ಇನ್ನೊಬ್ಬರ ತಟ್ಟೆಗೆ ತಾಗಿ ಜಗಳ ಶುರು. ಮಲಗುವುದಕ್ಕೂ ಲೆಕ್ಕವಿತ್ತು: ಬಾಗಿಲ ಹತ್ತಿರ ಅಪ್ಪ, ಆಮೇಲೆ ಅವ್ವ, ಆಮೇಲೆ ನಾನು, ಗೋಡೆಯ ಪಕ್ಕ ಚಿಕ್ಕವ್ವ. ಚಿಕ್ಕವ್ವ ಅಂದರೆ ಅವ್ವನ ತಂಗಿ ಶಾಂತಾ. ನನಗೆ ಬುದ್ಧಿ ಬಂದಾಗಿನಿಂದ ಅವಳು ನಮ್ಮ ಜೊತೆಗೇ ಇದ್ದಳು. ನನ್ನ ತಲೆ ಬಾಚುವವಳು, ಹೇನು ತೆಗೆಯುವವಳು, ಅವ್ವ ಹೊಡೆಯಲು ಬಂದರೆ ಅಡ್ಡ ನಿಲ್ಲುವವಳು ಅವಳೇ. ನಮ್ಮಿಬ್ಬರಿಗೂ ಒಂದೇ ಕೌದಿ. ಅವಳ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಇಟ್ಟು, ಒಂದು ಬೇಸಿಗೆ ಪೂರ್ತಿ ಕೂತು ಅವಳೇ ಹೊಲಿದದ್ದು.

ಆ ಚಿಕ್ಕವ್ವ ಒಂದು ದಿನ ತಾನು ಕೆಲಸ ಮಾಡುವ ಅಪಾರ್ಟ್‌ಮೆಂಟಿನ ನೇಪಾಳಿ ವಾಚ್‌ಮನ್ನನ್ನು ಮದುವೆಯಾಗುತ್ತೇನೆ ಎಂದಳು. ಮನೆಯಲ್ಲಿ ಒಂದು ವಾರ ರೊಟ್ಟಿಗಿಂತ ಜಗಳವೇ ಹೆಚ್ಚು ಬೆಂದಿತು. ಕೊನೆಗೆ ಹಲಸೂರಿನ ಒಂದು ಸಣ್ಣ ಗುಡಿಯಲ್ಲಿ ಅವರ ಮದುವೆಯಾಯಿತು. ಅವನ ಹೆಸರು ದಿಲ್ ಬಹಾದ್ದೂರ್. ಒಳ್ಳೆಯವನೇ. ನನಗೆ ಶೇಂಗಾ ಚಿಕ್ಕಿ ತಂದುಕೊಡುತ್ತಿದ್ದ. ಆದರೂ ಅವನು ಚಿಕ್ಕವ್ವನನ್ನು ತನ್ನ ಊರಿಗೆ ಕರೆದುಕೊಂಡು ಹೋದ ದಿನ ನಾನು ಅವಳ ಜೊತೆ ಮಾತಾಡಲಿಲ್ಲ, ಆಟೋ ಹೊರಟರೂ ಹೊರಗೆ ಬರಲಿಲ್ಲ. ಕೌದಿಯನ್ನು ಮಾತ್ರ ನನಗೇ ಬಿಟ್ಟುಹೋಗಿದ್ದಳು. ಮೂರು ವರ್ಷದ ಮೇಲೆ ಸುದ್ದಿ ಬಂತು. ಬೆಟ್ಟದ ರಸ್ತೆಯಲ್ಲಿ ಜೀಪು ಉರುಳಿ ಗಂಡ ಹೆಂಡತಿ ಇಬ್ಬರೂ ಹೋದರು, ಎರಡು ವರ್ಷದ ಹೆಣ್ಣುಮಗು ಮುದಿ ಅಜ್ಜಿಯ ಹತ್ತಿರ ಉಳಿದಿದೆ. ಅವ್ವ ಎರಡು ದಿನ ಅತ್ತಳು. ಮೂರನೇ ದಿನ ಹಿಟ್ಟು ನಾದುತ್ತಾ ಅಪ್ಪನಿಗೆ ಹೇಳಿದಳು:

“ಆ ಕೂಸು ನಮ್ದು. ಶಾಂತಾನ ಹೊಟ್ಟೀದು ಅಂದ್ರ ನನ್ನ ಹೊಟ್ಟೀದೇ. ಹೋಗಿ ತರೂಣು.”

“ತರೂಣು ಅಂದ್ರ ಸಂತ್ಯಾಗ ಬದನಿಕಾಯಿ ತಂದಂಗೇನು? ಬ್ಯಾರೆ ದೇಶ ಅದು.”

“ದೇಶ ಬ್ಯಾರೆ ಇದ್ರ ರಕ್ತ ಬ್ಯಾರೆ ಆಗ್ತದೇನು?”

ಅವ್ವ ಕೆಲಸ ಮಾಡುವ ಮನೆಯೊಂದರಲ್ಲಿ ವಕೀಲಮ್ಮ ಒಬ್ಬರಿದ್ದರು. ಸುಮ್ಮನೆ ಎತ್ತಿಕೊಂಡು ಬರಬೇಡಿ, ಕಾಗದ ಮಾಡಿಸಿಕೊಂಡೇ ತನ್ನಿ, ಇಲ್ಲದಿದ್ದರೆ ನಾಳೆ ಶಾಲೆಗೆ ಸೇರಿಸುವುದಕ್ಕೂ ಕಷ್ಟ ಎಂದು ಅವರು ಹೇಳಿದರು. ಅಲ್ಲಿಂದ ಆಫೀಸುಗಳ ತಿರುಗಾಟ ಶುರುವಾಯಿತು. ಇವತ್ತು ಬಾ, ನಾಳೆ ಬಾ, ಸಾಹೇಬರಿಲ್ಲ, ಫೋಟೋ ಸಣ್ಣದಾಯಿತು, ಫೋಟೋ ದೊಡ್ಡದಾಯಿತು. ಅವ್ವ ಅರ್ಧ ದಿನದ ಕೆಲಸ ಬಿಟ್ಟು ಹೋಗಿ ಬೆಂಚಿನ ಮೇಲೆ ಕೂತು ಬರುತ್ತಿದ್ದಳು. ಕೊನೆಗೆ ಒಂದು ಮಾತು ತಿಳಿಯಿತು: ಮಗುವನ್ನು ಸಾಕಲು ನಮ್ಮ ಮನೆ ತಕ್ಕುದೋ ಇಲ್ಲವೋ ಎಂದು ನೋಡಲು ಒಬ್ಬ ಮೇಡಂ ಬರುತ್ತಾರೆ. ಅವರು ಬರೆದುಕೊಟ್ಟ ವರದಿ ನೇಪಾಳದ ಆಫೀಸಿಗೆ ಹೋಗಬೇಕು.

ಮನೆ ನೋಡಲು ಬರುತ್ತಾರೆ ಎಂದದ್ದೇ ತಡ, ವಠಾರದವರಿಗೆ ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮಲ್ಲಿ ಯಾರ ಮನೆಗಾದರೂ ಹೆಣ್ಣು ನೋಡಲು ಬಂದರೆ ಎಂಟೂ ಮನೆಯ ಒಳ್ಳೆಯ ಸಾಮಾನು ಆ ಮನೆಗೆ ಹೋಗುತ್ತಿತ್ತು. ಓನರ್ ಆಂಟಿಯ ಪ್ಲಾಸ್ಟಿಕ್ ಕುರ್ಚಿಗಳು, ಟೈಲರ್ ಬಾಷಾ ಮಾಮನ ಗೋಡೆ ಗಡಿಯಾರ, ಇನ್ನೊಬ್ಬರ ಗಾಜಿನ ಲೋಟ. ಒಂದು ಸಲ ಒಂದೇ ಬೀಗರು ಎರಡು ತಿಂಗಳ ಅಂತರದಲ್ಲಿ ನಮ್ಮ ವಠಾರದ ಎರಡು ಮನೆಗೆ ಹೆಣ್ಣು ನೋಡಲು ಬಂದು, ‘ಈ ಗಡಿಯಾರ ಎಲ್ಲೋ ನೋಡಿದಂಗಿದೆಯಲ್ಲ’ ಎಂದು ಕೇಳಿದ್ದರು. ‘ಕಮರ್ಷಿಯಲ್ ಸ್ಟ್ರೀಟಲ್ಲಿ ಡಜನ್‌ಗಟ್ಲೆ ಸಿಗುತ್ತೆ ಸಾರ್’ ಎಂದು ಬಾಷಾ ಮಾಮ ಬಾಗಿಲಿಂದಲೇ ಉತ್ತರ ಕೊಟ್ಟಿದ್ದ. ಅದನ್ನು ಯಾರೂ ಮೋಸ ಎಂದುಕೊಂಡಿರಲಿಲ್ಲ. ನೆಂಟರು ಬಂದಾಗ ಪಕ್ಕದ ಮನೆಯಿಂದ ಸಕ್ಕರೆ ಇಸಿದುಕೊಂಡ ಹಾಗೆ ಅದು. ಈ ಮೇಡಂ ಬರುವ ದಿನವೂ ಅದೇ ನಡೆಯಿತು. ಎಲ್ಲಕ್ಕಿಂತ ದೊಡ್ಡ ಸಾಮಾನು ಕೊಟ್ಟವಳು ಸೆಲ್ವಿ ಅಕ್ಕ, ತನ್ನ ಕಬ್ಬಿಣದ ಮಂಚ. ಅಪ್ಪ ಮತ್ತು ಅವಳ ಗಂಡ ಅದನ್ನು ಅಡ್ಡ ಮಾಡಿ, ಓರೆ ಮಾಡಿ, ಬಾಗಿಲೊಳಗೆ ತೂರಿಸುವಾಗ ಅವಳು ಓಣಿಯಲ್ಲಿ ನಿಂತು ಕೂಗುತ್ತಿದ್ದಳು:

“ಮೆಲ್ಲಗ್ರೋ, ಮೆಲ್ಲಗೆ! ನಮ್ಮಮ್ಮ ಕೊಟ್ಟಿರೋದು, ಕಾಲು ಮುರೀಬೇಡ್ರಿ. ಏನಮ್ಮಾ ನಾಗಮ್ಮ, ಇದೇನ್ ಮನೆ ನೋಡೋದಾ, ಹೆಣ್ಣು ನೋಡೋದಾ?”

“ಎಲ್ಲಾ ಒಂದೇ ಬಿಡು ಸೆಲ್ವಿ. ನೋಡೋರು ನೋಡ್ತಾರ, ನಾವು ತಲಿ ಬಗ್ಗಿಸ್ಕೊಂಡು ನಿಂದ್ರಬೇಕು” ಎಂದಳು ಅವ್ವ.

“ಹಂಗಾದ್ರೆ ಮಲ್ಲಿಗೆ ಹೂ ಮುಡ್ಕೋಮ್ಮ, ಒಪ್ಕೊಂಬಿಡ್ಲಿ!”

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅವ್ವ ಟ್ರಂಕಿನ ಮೇಲಿದ್ದ ನನ್ನ ಕೌದಿಯನ್ನು ತೆಗೆದು, ಕೊಡವಿ, ಆ ಮಂಚದ ಮೇಲೆ ಹಾಸಿದ್ದಳು. ನಾನು ಎಳೆದುಕೊಳ್ಳಲು ಹೋದೆ. ಅವ್ವ ಕೈಮೇಲೆ ಒಂದು ಏಟು ಕೊಟ್ಟಳು.

“ಬಿಡು. ಇನ್ಮ್ಯಾಲ ಇದು ಆ ಕೂಸಿಂದು. ಅವರವ್ವ ಹೊಲಿದದ್ದು, ಆಕೀಗೇ ಸೇರಬೇಕು. ಮತ್ತ ಕೇಳಿಲ್ಲಿ, ಮೇಡಂ ಕೇಳಿದ್ರ ಎಲ್ಲಾ ನಮ್ದೇ ಅನ್ನು. ತಿಳೀತೇನು?”

ಮೇಡಂ ಬಂದರು. ಸಣ್ಣ ವಯಸ್ಸಿನವರು, ಮೆತ್ತಗಿನ ಮಾತು. ಅವ್ವ ಕೊಟ್ಟ ಚಹಾ ಕುಡಿದರು. ಅಪ್ಪನ ಹತ್ತಿರ ಮಾತಾಡಿದರು, ಅವ್ವನ ಹತ್ತಿರ ಮಾತಾಡಿದರು. ಆಮೇಲೆ, ‘ಮಗಳ ಜೊತೆ ಐದು ನಿಮಿಷ ಒಬ್ಬಳೇ ಮಾತಾಡ್ಬೇಕು, ಅದು ನಮ್ ರೂಲ್ಸು’ ಎಂದರು. ಅಪ್ಪ ಅವ್ವ ಓಣಿಗೆ ಹೋದರು. ಮೇಡಂ ಮಂಚದ ಮೇಲೆ ತಮ್ಮ ಪಕ್ಕದಲ್ಲೇ ನನ್ನನ್ನು ಕೂರಿಸಿಕೊಂಡರು.

“ತಂಗಿ ಬರ್ತಾಳಂತಲ್ಲ, ನಿಂಗಿಷ್ಟಾನಾ ಪುಟ್ಟ?”

“ಹ್ಞೂಂ.”

“ಎಲ್ಲಿ ಮಲಗ್ತಾಳೆ?”

“ಮಂಚದ ಮ್ಯಾಲ.”

“ಮತ್ತೆ ನೀನು?”

“ಕೆಳಗ.”

“ಪರ್ವಾಗಿಲ್ವಾ? ಒಳ್ಳೆ ಹುಡುಗಿ. ಕೌದಿ ಎಷ್ಟು ಚೆನ್ನಾಗಿದೆ! ತಂಗಿಗೋಸ್ಕರ ಹೊಲಿದಿದ್ದಾ?”

ಅಲ್ಲಿಯವರೆಗೆ ನಾನು ಅವ್ವ ಹೇಳಿದ ಹಾಗೇ ನಡೆದುಕೊಂಡಿದ್ದೆ. ಆ ಮಾತಿಗೆ ನನ್ನೊಳಗೆ ಏನೋ ಚುರ್ರೆಂದಿತು.

“ಅದು ನಂದು. ಅದೊಂದೇ ನಮ್ಮನೀದು. ಮಂಚ ಸೆಲ್ವಿ ಅಕ್ಕಂದು. ಗಡಿಯಾರ ಬಾಷಾ ಮಾಮಂದು. ಕುರ್ಚಿ ಓನರ್ ಆಂಟೀದು. ನೀವು ಹೋದ್ಮ್ಯಾಲ ಎಲ್ಲಾ ಒಯ್ತಾರ. ನೀವು ಕೇಳಿದ್ರ ಎಲ್ಲಾ ನಮ್ದೇ ಅನ್ನು ಅಂತ ಅವ್ವ ಹೇಳ್ಯಾಳ.”

ಮೇಡಂ ಬರೆಯುವುದನ್ನು ನಿಲ್ಲಿಸಿ ಕೋಣೆಯನ್ನು ಇನ್ನೊಂದು ಸಲ ನೋಡಿದರು. ಆಮೇಲೆ ನನ್ನ ಕೆನ್ನೆ ಮುಟ್ಟಿ, ‘ಗುಡ್ ಗರ್ಲ್, ಯಾವಾಗ್ಲೂ ನಿಜಾನೇ ಹೇಳ್ಬೇಕು’ ಎಂದರು. ನಿಜ ಹೇಳಬೇಕೆಂದು ನಾನು ಹೇಳಿದ್ದಲ್ಲ. ಕೆಡಿಸಬೇಕೆಂದೇ ಹೇಳಿದ್ದು. ಆ ಮಗು ಬರಬಾರದು, ಗೋಡೆಯ ಪಕ್ಕದ ಜಾಗ ಖಾಲಿಯೇ ಇರಲಿ, ಕೌದಿ ನನ್ನ ಹತ್ತಿರವೇ ಇರಲಿ ಎಂದು ಹೇಳಿದ್ದು. ಮೇಡಂ ಹೊರಗೆ ಬಂದಾಗ ಸೆಲ್ವಿ ಅಕ್ಕ ಓಣಿಯ ತುದಿಯವರೆಗೂ ಅವರ ಜೊತೆ ಮಾತಾಡುತ್ತಾ ನಡೆದಳು. ನಾಗಮ್ಮನಂಥ ಹೆಂಗಸು ಹುಡುಕಿದ್ರೂ ಸಿಗಲ್ಲ ಮೇಡಂ, ಮಗು ಪುಣ್ಯ ಮಾಡಿತ್ತು ಎಂದು ಅವಳು ಹೇಳುತ್ತಿದ್ದದ್ದು ನನಗೆ ಕೇಳಿಸಿತು. ಅವ್ವನಿಗೆ ಕೇಳಿಸಲಿಲ್ಲ. ಇಬ್ಬರೂ ಮಾತಾಡಿಕೊಂಡು ಹೋದದ್ದು ಮಾತ್ರ ಕಾಣಿಸಿತು. ಏನು ಕೇಳಿದರು ಎಂದು ಅವ್ವ ನನ್ನನ್ನು ವಿಚಾರಿಸಿದಾಗ, ಎಲ್ಲಿ ಮಲಗುತ್ತಾಳೆ ಅಂದರು, ಮಂಚದ ಮೇಲೆ ಅಂದೆ ಎಂದೆ. ‘ಶಾಣ್ಯಾಕಿ’ ಎಂದು ಅವ್ವ ನನ್ನ ಬಾಯಿಗೆ ಒಂದು ಚಮಚ ಸಕ್ಕರೆ ಹಾಕಿದಳು.

ವರದಿ ಮುಚ್ಚಿದ ಕವರಿನಲ್ಲಿ ನೇರವಾಗಿ ಅಲ್ಲಿಗೇ ಹೋಯಿತು. ಅದರಲ್ಲಿ ಏನಿದೆಯೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಕಾಗದ ತಲುಪಿದೆ, ನೀವು ಬರಬಹುದು ಎಂದು ಸುದ್ದಿ ಬಂದಾಗ ಮೂವರೂ ಹೊರಟೆವು. ಸೆಲ್ವಿ ಅಕ್ಕ ದಾರಿಗೆಂದು ಎರಡು ಡಬ್ಬಿ ಪುಳಿಯೋಗರೆ ಕಟ್ಟಿಕೊಟ್ಟಳು. ಎರಡು ರೈಲು ಬದಲಿಸಿ ಮೂರು ದಿನ. ಬರಬರುತ್ತಾ ಬೋಗಿಯಲ್ಲಿ ಕನ್ನಡ ಕಡಿಮೆಯಾಗಿ, ಕೊನೆಗೆ ನಾವು ಮೂವರೇ ಉಳಿದೆವು. ಗಡಿಯನ್ನು ನಡೆದೇ ದಾಟಿದೆವು. ವಿದೇಶ ಅಂದರೆ ವಿಮಾನ ಎಂದುಕೊಂಡಿದ್ದ ನನಗೆ ಅಲ್ಲೂ ಅದೇ ಧೂಳು, ಅದೇ ಸೈಕಲ್ ರಿಕ್ಷಾ ಕಂಡು ಬೇಸರವಾಯಿತು. ಅಲ್ಲಿಂದ ಒಂದು ಹಗಲು ಪೂರ್ತಿ ಬಸ್ಸು, ಬೆಟ್ಟ ಸುತ್ತಿ ಸುತ್ತಿ. ಅವ್ವ ಕಿಟಕಿಯಿಂದ ಕೆಳಗಿನ ಕಣಿವೆ ನೋಡಿದಾಗಲೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಜ್ಜಿಯ ಮನೆ ಕಲ್ಲಿನದು, ಒಂದೇ ಕೋಣೆ. ಮಗು ಅಜ್ಜಿಯ ಮಡಿಲಲ್ಲಿತ್ತು. ಅವ್ವನ ಮುಖ ಚಿಕ್ಕವ್ವನದೇ ಅಚ್ಚು. ಮಗು ಸ್ವಲ್ಪ ಹೊತ್ತು ನೋಡಿತು, ಇಳಿದು ಬಂತು, ಅವ್ವನ ಗಾಜಿನ ಬಳೆಗಳನ್ನು ಹಿಡಿದುಕೊಂಡು ‘ಆಮಾ’ ಎಂದಿತು. ಅವರ ಭಾಷೆಯಲ್ಲಿ ಅದು ಅಮ್ಮ. ಅವ್ವ ಮೂರು ದಿನ ಅದನ್ನು ನೆಲಕ್ಕೆ ಇಳಿಸಲಿಲ್ಲ. ನಾನು ದೂರ ಕೂತು ನೋಡುತ್ತಿದ್ದೆ. ಅದರ ಹಣೆ, ಹುಬ್ಬು, ನಗುವಾಗ ಮೂಗು ಸುಕ್ಕಾಗುವುದು, ಎಲ್ಲ ಚಿಕ್ಕವ್ವನದು. ಒಂದು ಮಧ್ಯಾಹ್ನ ಅದು ತಾನಾಗಿ ಬಂದು ನನ್ನ ಜಡೆ ಹಿಡಿದೆಳೆಯಿತು. ಅಷ್ಟೇ. ನನ್ನ ಹಟವೆಲ್ಲ ಅಲ್ಲೇ ಮುಗಿಯಿತು. ಆದರೆ ಹೇಳಿದ ಮಾತು ನನಗಿಂತ ಮೊದಲೇ ಆ ಊರಿಗೆ ಬಂದು ಕೂತಿತ್ತು.

ಆಫೀಸಿನಲ್ಲಿ ಸಾಹೇಬರು ಕವರು ಬಿಚ್ಚಿ ಓದಿ, ಕನ್ನಡಕದ ಮೇಲಿಂದ ಅಪ್ಪನನ್ನು ನೋಡಿದರು. ಹಿಂದಿಯಲ್ಲಿ ಕೇಳಿದರು: ಮನೆಯಲ್ಲಿ ತೋರಿಸಿದ ಸಾಮಾನೆಲ್ಲ ಬೇರೆಯವರದಂತೆ, ಹೌದೋ? ಅಪ್ಪನಿಗೆ ನಮ್ಮ ಕಡೆಯ ಮುಸ್ಲಿಮರ ಜೊತೆ ಬೆಳೆದು ಬಂದ ಉರ್ದು ಮಾತ್ರ ಗೊತ್ತು. ಅದರಲ್ಲೇ ಕೈಮುಗಿದು ಹೇಳಿದ:

“ಹೌ ಸಾಬ್. ಸಾಮಾನ್ ಉನೋಂಕಾ ಹೈ. ಮಗರ್ ಬಚ್ಚೀ ತೋ ಹಮಾರೀಚ್ ಹೈ.”

ಸಾಮಾನು ಅವರದು, ಮಗು ಮಾತ್ರ ನಮ್ಮದೇ ಎಂದ. ಸಾಹೇಬರು ಕೆಟ್ಟವರಲ್ಲ. ಬಡತನ ತಪ್ಪಲ್ಲ, ಸುಳ್ಳು ತೋರಿಸಿದ್ದೀರಿ ಎಂದು ಬರೆದಿದ್ದಾರೆ, ಇದರ ಮೇಲೆ ನಾನು ಸಹಿ ಹಾಕಲಾರೆ, ಹೊಸ ವರದಿ ತನ್ನಿ ಎಂದರು. ಅವ್ವ ಟೇಬಲ್ಲಿನ ಅಂಚು ಹಿಡಿದು, ‘ಯಾರು ಹೇಳಿದ್ರಂತ ಕೇಳ್ರೀ, ಯಾರು ಹೇಳಿದ್ರಂತ’ ಎಂದು ಕನ್ನಡದಲ್ಲೇ ಕೂಗಿದಳು. ನಾನು ಆ ಕೋಣೆಯ ಮೂಲೆಯಲ್ಲಿ ಗೋಡೆಗೆ ಹಾಕಿದ ದೇಶದ ನಕ್ಷೆ ನೋಡುತ್ತಾ ನಿಂತೆ. ಹಿಂದಿರುಗಿ ಬಂದಾಗ ಅಜ್ಜಿ ಕೈಸನ್ನೆ ಮಾಡಿ ಹೇಳಿದಳು: ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ, ನನಗೆ ವಯಸ್ಸಾಯಿತು, ಯಾರು ಕೇಳುತ್ತಾರೆ? ಗಡಿಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವವರನ್ನು ನಿಲ್ಲಿಸಿ ವಿಚಾರಿಸುವುದನ್ನು ಅಪ್ಪ ನೋಡಿದ್ದ. ಕಳ್ಳರ ಹಾಗೆ ಒಯ್ಯುವುದು ಬೇಡ ಎಂದ. ಅವ್ವ ಅದೊಂದು ಮಾತಿಗಾಗಿ ಅಪ್ಪನನ್ನು ಅವನು ಸಾಯುವವರೆಗೂ ಚುಚ್ಚಿದಳು. ಬಸ್ಸು ಹೊರಡುವಾಗ ಮಗು ಅವ್ವನ ಕೈ ಬಿಡಲಿಲ್ಲ. ಅಜ್ಜಿ ಅವ್ವನ ಕೈಯಿಂದ ಒಂದು ಬಳೆ ಕಳಚಿ ಮಗುವಿನ ಕೈಗೆ ಕೊಟ್ಟಳು. ಅದು ಬಳೆಯೊಳಗಿಂದ ನಮ್ಮನ್ನು ನೋಡಿ ನಗುತ್ತಿರುವಾಗಲೇ ಬಸ್ಸು ತಿರುವು ದಾಟಿತು.

ವಾಪಸ್ಸು ಬಂದ ಮರುದಿನವೇ ನಲ್ಲಿಯ ಹತ್ತಿರ ಜಗಳ. ವಠಾರವೆಲ್ಲ ಬಾಗಿಲಿಗೆ ಬಂದು ನಿಂತಿತ್ತು.

“ಮಂಚ ಕೊಟ್ಟ ಕೈಲೇ ಕುತ್ತಿಗಿ ಹಿಚುಕಿದೆಲ್ಲೇ ಸೆಲ್ವಿ! ಆಕಿ ಕೂಡ ಓಣಿ ತುದೀತನ ಹೋಗಿ ಏನು ಊದಿದಿ?”

“ನಾನಾ? ನಾಗಮ್ಮಾ, ನನ್ ಮಕ್ಳಾಣೆ! ನಾನ್ಯಾಕಮ್ಮಾ ಹೇಳ್ಲಿ? ಹೇಳೋಳಾಗಿದ್ರೆ ಮಂಚ ಯಾಕ್ ಕೊಡ್ತಿದ್ದೆ?”

“ಕೊಟ್ಟೀನಿ ಅಂತ ಊರೆಲ್ಲಾ ತಿಳೀಬೇಕಲ್ಲ, ಅದಕ್ಕ!”

ಸೆಲ್ವಿ ಅಕ್ಕ ಏನೋ ಹೇಳಲು ಬಾಯಿ ತೆರೆದಳು. ಆಗ ಅವಳ ಕಣ್ಣು ನನ್ನ ಮೇಲೆ ಬಿತ್ತು. ಅವಳಿಗೂ ಮೂವರು ಮಕ್ಕಳು. ಮಕ್ಕಳ ಮುಖ ಓದುವುದು ಅವಳಿಗೆ ಗೊತ್ತಿತ್ತು. ನಾನು ಕೊಡದೊಳಗೆ ನೋಡಿದೆ. ಅವಳು ಬಾಯಿ ಮುಚ್ಚಿದಳು. ತನ್ನ ಬಿಂದಿಗೆ ಎತ್ತಿಕೊಂಡು, ‘ಸರಿ ಬಿಡಮ್ಮಾ, ನಾನೇ ಅಂತ ಇಟ್ಕೋ’ ಎಂದು ಒಳಗೆ ಹೋದಳು. ಆ ವರ್ಷ ಮುಗಿಯುವುದರೊಳಗೆ ಅವರು ಕೆ.ಆರ್. ಪುರಂ ಕಡೆಗೆ ಮನೆ ಮಾಡಿಕೊಂಡು ಹೋದರು. ಮಂಚವನ್ನು ಲಗೇಜ್ ಆಟೋದ ಮೇಲೆ ಕಟ್ಟುವಾಗ ಅಪ್ಪ ಸಹಾಯ ಮಾಡಲು ಹೋದ. ಅವ್ವ ಬಾಗಿಲು ಹಾಕಿಕೊಂಡಳು. ಎಷ್ಟೋ ವರ್ಷಗಳ ಮೇಲೆ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಸೆಲ್ವಿ ಅಕ್ಕ ನಾನಿದ್ದ ಬಸ್ಸು ಹತ್ತಿದಳು, ತಲೆ ಪೂರ್ತಿ ಬೆಳ್ಳಗಾಗಿತ್ತು. ನಾನು ಹಿಂದಿನ ಬಾಗಿಲಿನಿಂದ ಇಳಿದುಬಿಟ್ಟೆ. ಇಳಿದು, ಬಿಸಿಲಲ್ಲಿ ನಿಂತು, ನನಗೆ ನಾನೇ ಬೈದುಕೊಂಡೆ. ಮುಂದಿನ ಬಸ್ಸು ಹಿಡಿದು ಮನೆಗೆ ಹೋದೆ.

ಹೊಸ ವರದಿಗಾಗಿ ಹದಿನಾಲ್ಕು ತಿಂಗಳು ಹಿಡಿಯಿತು. ಆ ಮೇಡಂ ಬೇರೆ ಕಡೆಗೆ ಹೋಗಿದ್ದರು. ಅವರ ಜಾಗಕ್ಕೆ ಯಾರೂ ಬಂದಿರಲಿಲ್ಲ. ಫೈಲು ಮೇಲೆ ಹೋಗಿದೆ ಎಂದು ಒಬ್ಬರು ಹೇಳಿದರೆ, ‘ಮ್ಯಾಲ ಅಂದ್ರ ಎಲ್ಲಿ? ಆಕಾಶದಾಗಾ?’ ಎಂದು ಅವ್ವ ಬೆಂಚಿನಿಂದ ಎದ್ದು ನಿಂತು ಕೇಳಿದ್ದಳು. ಓಲ್ಡ್ ಮದ್ರಾಸ್ ರಸ್ತೆಯಲ್ಲಿ ಮೆಟ್ರೋ ಕಂಬಗಳು ಒಂದೊಂದಾಗಿ ಎದ್ದು ನಿಲ್ಲುತ್ತಿದ್ದವು. ಇಷ್ಟು ದೊಡ್ಡ ಕಂಬ ಏಳುತ್ತದೆ, ನಮ್ಮ ಒಂದು ಕಾಗದ ಏಳುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದ. ಕೊನೆಗೊಂದು ದಿನ ಆಫೀಸಿನಿಂದ ವಯಸ್ಸಾದ ಒಬ್ಬರು ಹೇಳದೆ ಕೇಳದೆ ಮನೆ ನೋಡಲು ಬಂದರು. ಅವ್ವ ಪಣ ತೊಟ್ಟವಳಂತೆ ಕೋಣೆಯಲ್ಲಿ ಬೇರೆಯವರ ಒಂದು ಲೋಟವನ್ನೂ ಇಟ್ಟಿರಲಿಲ್ಲ. ಅವರು ಹೊಸ್ತಿಲ ಮೇಲೇ ನಿಂತು ನೀರು ಕುಡಿದರು.

“ಮಂಚ ಇಲ್ವಾ?”

“ಇಲ್ರೀ.”

“ಮಗು ಎಲ್ಲಿ ಮಲಗುತ್ತೆ?”

“ನಮ್ ನಡುವ ರೀ.”

ಅವರು ತಲೆಯಾಡಿಸಿ ಏನೋ ಬರೆದುಕೊಂಡು ಹೋದರು. ಅಷ್ಟಕ್ಕೇ ಒಪ್ಪಿಗೆ ಸಿಕ್ಕಿತು. ಇದನ್ನು ನೆನೆದಾಗಲೆಲ್ಲ ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳೋಣ ಎನ್ನಿಸುತ್ತದೆ. ಏನೂ ಇಲ್ಲದ ಕೋಣೆಯೇ ಸಾಕಾಗಿತ್ತು. ಮೊದಲ ದಿನವೇ ಸಾಕಾಗುತ್ತಿತ್ತು.

ಅಷ್ಟರಲ್ಲಿ ಅಜ್ಜಿ ತೀರಿಕೊಂಡು ಎಂಟು ತಿಂಗಳಾಗಿತ್ತು. ಮಗುವನ್ನು ಪೇಟೆಯ ಒಂದು ಮಕ್ಕಳ ಮನೆಗೆ ಸೇರಿಸಿದ್ದರು. ಎರಡನೇ ಸಲ ನಾವು ಹೋದಾಗ ಪಬಿತ್ರಾ ಸಾಲಿನಲ್ಲಿ ನಿಂತಿದ್ದಳು. ಹೇನು ಎಂದು ತಲೆ ಬೋಳಿಸಿದ್ದರು. ಅವ್ವ ಎರಡೂ ಕೈ ಚಾಚಿದಳು, ಬಳೆ ಆಡಿಸಿದಳು. ಪಬಿತ್ರಾ ಬರಲಿಲ್ಲ. ಅವಳನ್ನು ನೋಡಿಕೊಳ್ಳುವ ಹೆಂಗಸು ಮುಂದಕ್ಕೆ ನೂಕಿದ ಮೇಲೆ ಬಂದು, ಕೈ ಕಟ್ಟಿಕೊಂಡು, ‘ನಮಸ್ತೇ ಮಿಸ್’ ಎಂದಳು. ಅಲ್ಲಿ ಎಲ್ಲ ಹೆಂಗಸರನ್ನೂ ಹಾಗೆಯೇ ಕರೆಯುವುದು ಅಭ್ಯಾಸವಂತೆ. ಬೈಯಪ್ಪನಹಳ್ಳಿಗೆ ಬಂದ ಮೇಲೂ ಒಂದೂವರೆ ವರ್ಷ ಅವಳು ಅವ್ವನನ್ನು ಮಿಸ್ ಎಂದೇ ಕರೆದಳು. ‘ಮಿಸ್, ನೀರು. ಮಿಸ್, ಹೊರಗೆ ಹೋಗ್ಲಾ?’ ವಠಾರದ ಮಕ್ಕಳು ನಗುತ್ತಿದ್ದರು. ಅವ್ವ ನಾಲ್ಕು ಮನೆಯ ಮೇಡಂಗಳ ಮುಸುರೆ ತಿಕ್ಕಿ ಬಂದು, ಸೀರೆಯ ಚುಂಗಿನಲ್ಲಿ ಕಟ್ಟಿಕೊಂಡು ಬಂದ ಬಿಸ್ಕತ್ತು ಬಿಚ್ಚುತ್ತಾ, ‘ನಾ ನಿಮ್ಮ ಆಮಾ ಅಲ್ಲೇನು? ಆಮಾ ಅನ್ನು, ಒಂದು ಸಲ ಅನ್ನು’ ಎಂದು ಗೋಗರೆಯುತ್ತಿದ್ದಳು. ಪಬಿತ್ರಾ ಬಿಸ್ಕತ್ತು ತೆಗೆದುಕೊಂಡು, ‘ಥ್ಯಾಂಕ್ಯೂ ಮಿಸ್’ ಎನ್ನುತ್ತಿದ್ದಳು. ಅರ್ಧ ತಿಂದು ಅರ್ಧ ಫ್ರಾಕಿನ ಜೇಬಿಗೆ ಹಾಕಿಕೊಳ್ಳುತ್ತಿದ್ದಳು. ಬಟ್ಟೆ ಒಗೆಯುವಾಗ ಜೇಬಿನಿಂದ ರೊಟ್ಟಿಯ ಚೂರು, ಇರುವೆ ಎಲ್ಲ ಬರುತ್ತಿದ್ದವು.

ಅವಳು ಅಂಟಿಕೊಂಡದ್ದು ಒಬ್ಬರಿಗೇ, ಅದು ನಾನು. ಯಾಕೆಂದು ದೇವರಿಗೇ ಗೊತ್ತು. ಬರುವಾಗ ಬಸ್ಸಿನಲ್ಲಿ ನನ್ನ ಮಡಿಲಲ್ಲೇ ಕೂತಳು, ರೈಲಿನಲ್ಲಿ ನನ್ನ ಪಕ್ಕದಲ್ಲೇ ಮಲಗಿದಳು. ನಾನು ಶಾಲೆಗೆ ಹೊರಟರೆ ಓಣಿಯ ತುದಿಯವರೆಗೂ ಓಡಿಬಂದು ಚೀಲ ಹಿಡಿದು ಜಗ್ಗುತ್ತಿದ್ದಳು. ಅವಳನ್ನು ಬಿಟ್ಟುಹೋಗಲು ನನಗಾಗಲಿಲ್ಲ. ಹೋಗುವುದನ್ನೇ ಬಿಟ್ಟೆ. ಅಪ್ಪ ಬೈದ, ಮಾಸ್ತರರು ಒಂದು ಸಲ ಹುಡುಕಿಕೊಂಡು ಬಂದರು. ನಾನು ಕೇಳಲಿಲ್ಲ. ವಠಾರದವರೆಲ್ಲ ಅಕ್ಕ ಅಂದರೆ ಹೀಗಿರಬೇಕು, ತಂಗಿಗಾಗಿ ಓದು ಬಿಟ್ಟಳು ನೋಡು ಎನ್ನುತ್ತಿದ್ದರು. ಅವ್ವ ಅದನ್ನು ಬಂದವರಿಗೆಲ್ಲ ಹೇಳುತ್ತಿದ್ದಳು. ಆ ಹೊಗಳಿಕೆ ಕೇಳಿದಾಗ ನನಗೆ ಎದ್ದು ಎಲ್ಲಿಗಾದರೂ ಓಡಿಹೋಗೋಣ ಎನ್ನಿಸುತ್ತಿತ್ತು. ಈಗ ಹೇಳಿಬಿಡೋಣ ಎಂದು ಎಷ್ಟೋ ಸಲ ಬಾಯಿಯವರೆಗೂ ಬಂದದ್ದುಂಟು. ಒಮ್ಮೆ ನೆಂಟರಿದ್ದರು, ಒಮ್ಮೆ ಅವಳ ಪರೀಕ್ಷೆ ಇತ್ತು, ಒಮ್ಮೆ ನನ್ನ ಮದುವೆ ಮಾತು ನಡೆದಿತ್ತು. ನೆಪಕ್ಕೇನು ಬರವೇ? ಅಪ್ಪ ಹೋಗಿ ಮೂರು ವರ್ಷವಾಯಿತು. ಅವನಿಗೂ ಹೇಳಲಿಲ್ಲ.

ಪಬಿ ಓದಿ ಬಿ.ಕಾಂ. ಮಾಡಿದಳು. ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯಲ್ಲಿ ಬಿಲ್ಲಿಂಗಿಗೆ ಇದ್ದಳು. ಹೋದ ತಿಂಗಳು ಒಂದು ಆಸ್ಪತ್ರೆಯ ಕೌಂಟರಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಹುಟ್ಟಿದ ದಾಖಲೆ, ದತ್ತು ಕಾಗದ ಎಲ್ಲ ಬೇಕೆಂದರು. ಅವ್ವ, ಪಬಿ ಈಗಿರುವ ರಾಮಮೂರ್ತಿ ನಗರದ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಅವ್ವ ಟ್ರಂಕು ತೆಗೆಸಿ ಹಳೆಯ ಫೈಲನ್ನು ಅವಳ ಕೈಗೆ ಕೊಟ್ಟಳು. ವಕೀಲಮ್ಮ ಆಮೇಲೆ ಎಲ್ಲ ಕಾಗದದ ನಕಲನ್ನೂ ತರಿಸಿ ಅದರಲ್ಲಿ ಸೇರಿಸಿಕೊಟ್ಟಿದ್ದರು. ಮೊದಲ ಮೇಡಂನ ವರದಿಯೂ ಅದರಲ್ಲಿತ್ತು. ನನಗೆ ಅದು ಗೊತ್ತಿತ್ತು. ಅದು ಇಂಗ್ಲಿಷಿನಲ್ಲಿದೆ, ಮನೆಯಲ್ಲಿ ಓದಬಲ್ಲವಳು ಪಬಿ ಒಬ್ಬಳೇ, ಒಂದಲ್ಲ ಒಂದು ದಿನ ಓದುತ್ತಾಳೆ ಎಂದು ಎಷ್ಟು ವರ್ಷ ನಡುಗಿದ್ದೆನೋ. ನಾನು ರೊಟ್ಟಿ ಬಡಿಯುತ್ತಿದ್ದೆ. ಅವ್ವ ಪಕ್ಕದಲ್ಲಿ ಪುಂಡಿಪಲ್ಯದ ಸೊಪ್ಪು ಸೋಸುತ್ತಿದ್ದಳು. ಪಬಿ ನೆಲದ ಮೇಲೆ ಕಾಗದ ಹರಡಿಕೊಂಡು ಓದುತ್ತಾ ಬಂದವಳು ಒಂದು ಹಾಳೆಯ ಹತ್ತಿರ ನಿಂತಳು.

“ಅವ್ವ, ಇದು ಫಸ್ಟ್ ರಿಪೋರ್ಟ್. ಸಾಮಾನೆಲ್ಲ ಬೇರೆಯವ್ರದು ಅಂತ ವಿಚಾರಿಸಿದಾಗ ತಿಳಿದುಬಂತು ಅಂತ ಬರ್ದಿದಾರೆ.”

“ಯಾರು ಹೇಳಿದ್ರಂತ ಅದ ನೋಡು.”

“ಇಲ್ಲ. ಹೆಸ್ರು ಇಲ್ಲ.”

“ಹೆಸ್ರು ಯಾಕ ಬೇಕು? ಆ ಸೆಲ್ವೀನೇ. ಆಕೀ ನಾಲಿಗಿಗೆ ಹುಳ ಬೀಳ.”

“ಹೋಗ್ಲಿ ಬಿಡವ್ವ, ಯಾವ ಕಾಲದ್ದು. ಆ ಹಾಸ್ಟೆಲ್ಲು ನಂಗೆ ಜಾಸ್ತಿ ನೆನಪೂ ಇಲ್ಲ. ಬೆಳಗ್ಗೆ ಎದ್ದು ಗೇಟ್ ಹತ್ರ ಹೋಗಿ ನಿಂತ್ಕೊತಿದ್ದೆ. ಅದೊಂದೇ ನೆನಪು.”

ಹೀಗೆಂದು ಅವಳು ಹಾಳೆ ಮಗುಚಿದಳು. ಕಾಗದದಲ್ಲಿ ನನ್ನ ಹೆಸರಿರಲಿಲ್ಲ. ಇನ್ನು ಯಾರಿಗೂ ಗೊತ್ತಾಗುವ ದಾರಿಯೇ ಇರಲಿಲ್ಲ. ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ನಾನು ಒಲೆ ಆರಿಸಿದೆ. ಕೈಗೆ ಹಿಟ್ಟು ಹಾಗೇ ಇತ್ತು.

“ಪಬಿ, ಸೆಲ್ವಿ ಅಕ್ಕ ಅಲ್ಲ. ಆ ಮೇಡಂಗೆ ಹೇಳಿದ್ದು ನಾನು.”

ಪಬಿ ತಲೆಯೆತ್ತಿದಳು. ಅವ್ವನೇ ಮೊದಲು ಮಾತಾಡಿದ್ದು.

“ಏ ಹುಚ್ಚಿ, ಏನಂತಿ? ಸಣ್ಣಾಕಿದ್ದಿ, ತಿಳೀಲಾರ್ದ ಅಂದಿರ್ತಿ.”

“ತಿಳ್ದೇ ಅಂದೆ ಅವ್ವ. ನೀ ನಲ್ಲಿ ಹತ್ರ ಆಕೀಗೆ ಬೈಯೋವಾಗ ನಾ ಅಲ್ಲೇ ಇದ್ದೆ. ಬಾಯಿ ಬಿಡ್ಲಿಲ್ಲ.” ಆಮೇಲೆ ನಾನು ಪಬಿಯ ಎದುರಿಗೆ ನೆಲದ ಮೇಲೆ ಕೂತೆ. ಅವಳ ಮುಖ ನೋಡಿಯೇ ಹೇಳಬೇಕೆಂದು ನೋಡಿಯೇ ಹೇಳಿದೆ. “ನೀನು ಬರ್ಬಾರ್ದು ಅಂತಾನೇ ಹೇಳ್ದೆ ಪಬಿ. ನೀನು ಅಲ್ಲಿ ಗೇಟ್ ಹತ್ರ ನಿಂತಿದ್ದು ನನ್ನಿಂದ. ಇಷ್ಟು ವರ್ಷ ನಿನ್ನ ಪಕ್ಕದಾಗೇ ಕೂತು ಉಂಡೆ, ಹೇಳ್ಲಿಲ್ಲ. ನಿಂಗೂ ತಪ್ಪು ಮಾಡ್ದೆ, ಆಯಮ್ಮಂಗೂ ತಪ್ಪು ಮಾಡ್ದೆ. ತಪ್ಪಾಯ್ತು ಪಬಿ. ನನ್ನ ಕ್ಷಮಿಸು.”